ಬಸವಣ್ಣನ ಹತ್ತಿರ ನಡೆದೇ ಹೋಗೋಣ

ಲಂಡನ್ನಿನ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ, ಥೇಮ್ಸ್ ದಂಡೆಯ ಮೇಲೆ ನಮ್ಮ ಬಸವಣ್ಣನ ಪ್ರತಿಮೆ ಇದೆ. 2015ರ ನವೆಂಬರ್ 14ರಂದು ಪ್ರಧಾನಿ ಮೋದಿಯವರು ಅನಾವರಣ ಮಾಡಿದ್ದು. ಪ್ರತಿ ಸಲವೂ ನಾವು ಟ್ಯೂಬ್ ರೈಲು ಹತ್ತಿ ಹೋಗಿ, ಕೈ ಮುಗಿದು ಬರುತ್ತೇವೆ. ಈ ಸಲ ಮಗಳು ಕೇಳಿದಳು: "ನದಿ ಪಕ್ಕದಲ್ಲೇ ಈ ದಾರಿ ಇದೆಯಲ್ಲಾ, ಇದು ಎಲ್ಲಿಂದ ಬರುತ್ತೆ?"

ಅದು ಥೇಮ್ಸ್ ಪಾತ್. ಗ್ಲಾಸ್ಟರ್‌ಶೈರಿನ ಹೊಲಗಳ ನಡುವೆ ಶುರುವಾಗಿ ಲಂಡನ್ನಿನ ವುಲಿಚ್ ತನಕ ಸುಮಾರು 185 ಮೈಲಿ. ಮನೆಗೆ ಬರುವಷ್ಟರಲ್ಲಿ ತೀರ್ಮಾನ ಆಗಿತ್ತು: ಇನ್ನು ಬಸವಣ್ಣನ ಹತ್ತಿರ ನಡೆದೇ ಹೋಗೋಣ. ಒಂದೇ ಏಟಿಗಲ್ಲ, ರಜೆ ಸಿಕ್ಕಾಗಲೆಲ್ಲ ಒಂದಿಷ್ಟು.

ಆಗಸ್ಟಿನ ಒಂದು ಶನಿವಾರ ಪ್ಯಾಡಿಂಗ್ಟನ್‌ನಲ್ಲಿ ರೈಲು ಹತ್ತಿ ಕೆಂಬಲ್‌ನಲ್ಲಿ ಇಳಿದೆವು. ಮೈಸೂರಿನಿಂದ ಬಂದಿದ್ದ ಅಮ್ಮನೂ ಜೊತೆಗಿದ್ದರು. ಬುತ್ತಿಗೆ ಚಪಾತಿ, ಚಟ್ನಿಪುಡಿ, ಮೊಸರನ್ನ. ಗೇಟು, ಕಂಬಗಳ ಮೇಲೆ ಓಕ್ ಕಾಯಿಯ ಗುರುತು ಕಂಡಲ್ಲೆಲ್ಲ ಮಗಳು ಮುಟ್ಟಿ ಮುಂದೆ ಓಡುತ್ತಿದ್ದಳು. ರಾಷ್ಟ್ರೀಯ ಕಾಲುದಾರಿಗಳಿಗೆಲ್ಲ ಅದೇ ಗುರುತು.

ನದಿಯ ಮೂಲ ಎಂದರೆ ಒಂದು ಮರ, ಅದರ ಕೆಳಗೆ ಒಂದು ಕಲ್ಲು. ಮುಂದೆ ತಗ್ಗಿನಲ್ಲಿ ಒಂದಷ್ಟು ಬೆಣಚುಕಲ್ಲು. ನೀರು ಒಂದು ಹನಿಯೂ ಇಲ್ಲ! ಮಗಳ ಮುಖ ಬಾಡಿತು. ಅಮ್ಮ ಚಪ್ಪಲಿ ಬಿಟ್ಟು ಬಗ್ಗಿದರು. ಬೆಣಚುಕಲ್ಲುಗಳನ್ನು ಸರಿಸಿ, ಅಡಿಯ ಮಣ್ಣಿಗೆ ಅಂಗೈ ಒತ್ತಿ ನೋಡಿದರು. "ತಲಕಾವೇರೀಲಿ ತೀರ್ಥ ಉಕ್ಕೋದನ್ನ ನೋಡೋಕೆ ತುಲಾ ಸಂಕ್ರಮಣದ ತನಕ ಕಾಯ್ತೀವಿ, ಅಲ್ವಾ? ಇದೂ ಬರುತ್ತೆ ಬಿಡು" ಎಂದರು. ಅವರು ಹೇಳಿದ್ದು ಸರಿ. ಇಲ್ಲಿನ ನೆಲದಡಿ ಸುಣ್ಣಕಲ್ಲು. ಮಳೆ ಜಾಸ್ತಿಯಾಗಿ ಅಂತರ್ಜಲ ಮೇಲೇರಿದರೆ ಚಳಿಗಾಲದಲ್ಲಿ ಬುಗ್ಗೆ ಒಸರುತ್ತದೆ.

ಒಣ ಕಾಲುವೆಯ ಜಾಡು ಹಿಡಿದು ವಾಪಸ್ ನಡೆದೆವು. ಕೆಂಬಲ್ ದಾಟಿ ಈವೆನ್ ಹಳ್ಳಿಯ ಹತ್ತಿರ, ಹುಲ್ಲಿನ ನಡುವೆ ಏನೋ ಮಿಂಚಿತು. ನೀರು! ಪಾದ ಮುಳುಗುವಷ್ಟೂ ಇರಲಿಲ್ಲ. ಮಗಳು ಒಂದೇ ನೆಗೆತಕ್ಕೆ ಥೇಮ್ಸ್ ದಾಟಿದಳು, ಮತ್ತೆ ಈಚೆಗೆ ನೆಗೆದಳು. ಅಂದಿನ ನಡಿಗೆ ಅಲ್ಲಿಗೇ ನಿಲ್ಲಿಸಿದೆವು.

ಮುಂದಿನ ಹಂತ ಕ್ರಿಕ್‌ಲೇಡ್ ತನಕ, ಏಪ್ರಿಲ್‌ನಲ್ಲಿ. ಆಗ ಅಲ್ಲಿನ ಹುಲ್ಲುಗಾವಲಿನಲ್ಲಿ ಫ್ರಿಟಿಲರಿ ಹೂ ಅರಳಿರುತ್ತದೆ. ಮೇಲ್ದಂಡೆಯಲ್ಲಿ ಚಳಿಗಾಲದ ನೆರೆ ಇಳಿಯಲಿ ಎಂದೇ ಅಷ್ಟು ತಡ. ಬರುವವರು ಈಗಲೇ ತಿಳಿಸಿ, ಮಕ್ಕಳನ್ನೂ ಹಿರಿಯರನ್ನೂ ಕರೆತನ್ನಿ. ನಡೆದಷ್ಟು ನಡೆಯೋಣ. ಅದಕ್ಕೆ ಮೊದಲು ಚಳಿಗಾಲದಲ್ಲಿ ಒಮ್ಮೆ ಸುಮ್ನೆ ಮೂಲಕ್ಕೆ ಹೋಗಿ ಬರುವುದಿದೆ. ಕಲ್ಲಿನ ಹತ್ತಿರ ನೀರು ಬಂದ ದಿನ ಫೋಟೋ ಕಳಿಸಬೇಕು ಎಂದು ಅಮ್ಮ ಮೈಸೂರಿಗೆ ಹೊರಡುವ ಮುಂಚೆ ಹೇಳಿ ಹೋಗಿದ್ದಾರೆ.