ಡ್ರಿಲ್ ಕಿಟ್ ವಾರಂಟಿ ರಿಜೆಕ್ಟ್ ಮಾಡಿದ್ದರ ಬಗ್ಗೆ ದೂರು

ಕಸ್ಟಮರ್ ಕೇರ್ ಮತ್ತು ಗ್ರೀವೆನ್ಸ್ ಆಫೀಸರ್ ಅವರಿಗೆ,

ನಮಸ್ಕಾರ. ಇದು ನಾನು ನಿಮಗೆ ಬರೀತಿರೋ ನಾಲ್ಕನೇ ಮೇಲ್. ಮೊದಲಿನ ಮೂರಕ್ಕೂ ಅಕ್ಷರ ಆಚೀಚೆ ಆಗದಂಗೆ ಒಂದೇ ಉತ್ತರ ಬಂದಿದೆ, ಕಂಪ್ಯೂಟರ್ ಕಳ್ಸಿದ್ದು ಅಂತ ಗೊತ್ತಾಗುತ್ತೆ, ಅದಕ್ಕೆ ಈ ಸಲ ಕನ್ನಡದಲ್ಲಿ ಬರೀತಿದೀನಿ, ಯಾರಾದ್ರೂ ಮನುಷ್ಯರು ಕೂತು ಓದ್ಲಿ.

ತುಮಕೂರಲ್ಲಿ ನಮ್ಮನೆ ಮಹಡಿ ಮೇಲೆ ಹೊಸ ಬಾತ್‌ರೂಮ್ ಕೆಲಸ ನಡೀತಿತ್ತು. ಮೂರು ಗೋಡೆ ಟೈಲ್ಸ್ ಮುಗಿದಿತ್ತು, ಒಂದು ಬಾಕಿ, ಅಷ್ಟರಲ್ಲಿ ಮೇಸ್ತ್ರಿ ಯುಗಾದಿಗೆ ಅಂತ ಊರಿಗೆ ಹೋದ್ರು. ಅವರು ಬರೋದ್ರೊಳಗೆ ಗೀಸರ್, ಕನ್ನಡಿ, ಟವೆಲ್ ರಾಡಿಗೆ ತೂತಾದ್ರೂ ಹೊಡೆದಿಡೋಣ ಅಂತ ನಿಮ್ಮ 650 ವ್ಯಾಟ್ ಹ್ಯಾಮರ್ ಡ್ರಿಲ್ ಕಿಟ್ 4,850 ರೂಪಾಯಿ ಕೊಟ್ಟು ತಗೊಂಡೆ. ಸುಮ್ನೆ ತಗೊಳ್ಳಲಿಲ್ಲ. ಮೊದಲು ನಿಮ್ಮ ಚಾಟ್‌ನಲ್ಲಿ ಕೇಳಿದೆ, 600x1200 ವಿಟ್ರಿಫೈಡ್ ಟೈಲ್ಸ್ ಕೊರೆಯೋಕೆ ಆಗುತ್ತಾ, ಟೈಲ್ಸ್ ಅಂಟಿಸೋ ಅಡೆಸಿವ್ 20 ಕೆಜಿ ಬ್ಯಾಗ್ ಕಲ್ಸೋಕೆ ಆಗುತ್ತಾ ಅಂತ. "ಎರಡಕ್ಕೂ ಆಗುತ್ತೆ ಸರ್, ಮಿಕ್ಸಿಂಗ್ ರಾಡ್ ಕಿಟ್‌ನಲ್ಲೇ ಬರುತ್ತೆ" ಅಂತ ಉತ್ತರ ಬಂತು. ಸ್ಕ್ರೀನ್‌ಶಾಟ್ ಇದೆ, ಇದು ನಾಲ್ಕನೇ ಸಲ ಹಾಕ್ತಿರೋದು.

ಕಿಟ್ ಜೊತೆ ಬಂದಿದ್ದು ಗೋಡೆ ಕೊರೆಯೋ ಐದು ಮಾಮೂಲಿ ಡ್ರಿಲ್ ಬಿಟ್ಟು. ಹ್ಯಾಮರ್, ಅಂದ್ರೆ ತಿರುಗ್ತಾ ಕುಟ್ಟೋ ಮೋಡ್, ಆಫ್ ಮಾಡಿ ಒತ್ತಿದ್ರೆ ಬಿಟ್ಟು ಜಾರ್ತಾನೇ ಇತ್ತು, ನಾಲ್ಕು ನಿಮಿಷ ಆದ್ಮೇಲೆ ನೋಡಿದ್ರೆ ಟೈಲ್ಸ್ ಮೇಲೆ ಉಗುರಲ್ಲಿ ಗೀರಿದಷ್ಟು ಗುರುತು, ಬಿಟ್ಟಿನ ತುದಿ ಮಾತ್ರ ನೀಲಿ ಬಣ್ಣಕ್ಕೆ ತಿರುಗಿತ್ತು. ನಿಮ್ಮ ಹೆಲ್ಪ್‌ಲೈನಿಗೆ ಫೋನ್ ಮಾಡಿದೆ. "ಹ್ಯಾಮರ್ ಮೋಡಿಗೆ ಹಾಕಿ ಸರ್" ಅಂದ್ರು. ಹಾಕಿದೆ. ಟಕ್ ಅಂತು, ತೂತಿಂದ ಮೂಲೆವರೆಗೂ ಕೂದಲೆಳೆ ಥರ ಬಿರುಕು. ಕೈ ಬಿಗಿ ಹಿಡೀಲಿಲ್ವೇನೋ ಅಂತ ಇನ್ನೊಂದ್ರಲ್ಲಿ ನೋಡಿದೆ, ಅದೂ ಹೋಯ್ತು. ಅಂಗಡೀಲಿ ಆ ಬ್ಯಾಚ್ ಖಾಲಿ, ಹೊಸ ಬಾಕ್ಸಿನ ಶೇಡೇ ಬೇರೆ.

ಮೇಸ್ತ್ರಿ ವಾಪಸ್ ಬಂದು ನೋಡಿ ನಕ್ಕುಬಿಟ್ರು. ಇನ್ನೂರೈವತ್ತು ರೂಪಾಯಿದು ಒಂದು ಡೈಮಂಡ್ ಬಿಟ್ಟು, ಮುಚ್ಚಳಕ್ಕೆ ತೂತು ಮಾಡಿದ ನೀರಿನ ಬಾಟ್ಲು, ಇಷ್ಟೇ ಅವರ ಸಾಮಾನು. ಬಿಟ್ಟನ್ನ ಮೊದಲು ಓರೆಯಾಗಿ ಇಟ್ಟು ಅರ್ಧಚಂದ್ರದ ಥರ ಒಂದು ಗೀರು ಮಾಡ್ಕೊಂಡು, ನಿಧಾನಕ್ಕೆ ನೆಟ್ಟಗೆ ತಂದು, ಹ್ಯಾಮರ್ ಆಫ್, ಸ್ಪೀಡ್ ಕಮ್ಮಿ, ನಾನು ನೀರು ಬಿಡ್ತಾ ಇರೋದು, ಬಿಳಿ ನೀರು ಇಳೀತಾ ಇರೋದು, ಎರಡೇ ನಿಮಿಷಕ್ಕೆ ಒಂದು ತೂತು. ಟೈಲ್ಸ್ ದಾಟಿ ಗೋಡೆ ಸಿಕ್ಕಿದ ಮೇಲೇನೇ ಬಿಟ್ಟು ಬದಲಾಯಿಸಿ ಹ್ಯಾಮರ್ ಹಾಕಿದ್ದು. ಇದನ್ನೆಲ್ಲಾ ಮಾಡಿದ್ದು ನಿಮ್ಮದೇ ಮಶೀನಲ್ಲಿ, ಅದಕ್ಕೇ ಕೊರೆಯೋ ವಿಷಯದಲ್ಲಿ ಮಶೀನ್ ಸರಿ ಇಲ್ಲ ಅಂತ ನಾನು ಹೇಳ್ತಿಲ್ಲ, ನೀವು ಕೊಟ್ಟ ಬಿಟ್ಟು ತಪ್ಪು, ಫೋನಲ್ಲಿ ಹೇಳಿದ ಮಾತು ತಪ್ಪು.

ಇನ್ನು ಅಡೆಸಿವ್. ಮೇಸ್ತ್ರಿ ಮಿಕ್ಸರ್ ಬೇರೆ ಸೈಟಲ್ಲಿತ್ತು, ಕೈಯಲ್ಲೇ ಕಲಸ್ತೀನಿ ಅಂದ್ರು. ನಾನೇ ಜಂಬ ಮಾಡಿ ನಿಮ್ಮ ರಾಡು ತೆಗ್ದೆ. "ಬ್ಯಾಡ ಸಾ, ಇದು ತಡಿಯಲ್ಲ" ಅಂದ್ರೂ, ಕಂಪ್ನಿಯೋರೇ ಆಗುತ್ತೆ ಅಂದಿದಾರೆ ಅಂದೆ. ಮೊದಲನೇ ಬ್ಯಾಗಿಗೆ ಫುಲ್ ಸ್ಪೀಡ್ ಕೊಟ್ರೆ ಮುಖಕ್ಕೆಲ್ಲಾ ಎರಚ್ತು, ಒಳಗೆ ಬರೀ ಗಾಳಿಗುಳ್ಳೆ. ಟ್ರಿಗರ್ ಅರ್ಧ ಒತ್ತಿ ಕಲಸಿದ್ರೆ ಲೋಡ್ ಅಷ್ಟೇ ಇರುತ್ತೆ, ಆದ್ರೆ ಒಳಗಿನ ಫ್ಯಾನೂ ಮೋಟ್ರು ಜೊತೆಗೇ ನಿಧಾನ ಆಗೋದ್ರಿಂದ ತಣ್ಣಗಾಗೋಕೆ ಗಾಳೀನೇ ಸಿಗಲ್ಲ. ಎರಡನೇ ಬ್ಯಾಗ್ ಅರ್ಧಕ್ಕೆ ಬಂದಾಗ ಮೋಟ್ರಿಗೆ ಕರೆಂಟ್ ಕೊಡೋ ಕಾರ್ಬನ್ ಹತ್ರ ಕಿಡಿ, ಸುಟ್ಟ ವಾಸನೆ, ಆಮೇಲೆ ಹೊಗೆ. 2,800 ಆರ್‌ಪಿಎಂ, ಅಂದ್ರೆ ನಿಮಿಷಕ್ಕೆ ಅಷ್ಟು ಸುತ್ತು ತಿರುಗೋ ಡ್ರಿಲ್ ಕೆಲಸ ಅಲ್ಲ ಇದು, 1,200, 1,400 ವ್ಯಾಟ್‌ನ ಗೇರ್ ಇರೋ ಮಿಕ್ಸರ್ ಬೇಕು, ಆರೇಳ್ನೂರು ಆರ್‌ಪಿಎಂನಲ್ಲಿ ತಿರುಗಿದ್ರೂ ಎಳೆಯೋ ಶಕ್ತಿ ಇರ್ಬೇಕು, ಇದು ನನಗೆ ಆಮೇಲೆ ಗೊತ್ತಾಯ್ತು. ಮಾರೋ ನಿಮಗೆ ಮೊದಲೇ ಗೊತ್ತಿರ್ಬೇಕಿತ್ತು.

ಸರ್ವಿಸ್ ಸೆಂಟರ್‌ನೋರು ಆರ್ಮೇಚರ್ (ಮೋಟ್ರೊಳಗೆ ತಿರುಗೋ ಭಾಗ) ಸುಟ್ಟಿದೆ, ಓವರ್‌ಲೋಡ್, ಸಿಮೆಂಟ್ ಅಡೆಸಿವ್ ಕಲಸಿದ್ರೆ ವಾರಂಟಿ ಇಲ್ಲ ಅಂತ ಮ್ಯಾನುಯಲ್‌ನಲ್ಲಿದೆ ಅಂದ್ರು. ಇದೆ, ನೋಡಿದೆ. ಕಲಸಬೇಡಿ ಅನ್ನೋ ಮ್ಯಾನುಯಲ್ಲು, ಕಲಸೋ ರಾಡು ಎರಡನ್ನೂ ಒಂದೇ ಡಬ್ಬಕ್ಕೆ ತುಂಬಿ ಕಳಿಸಿದೀರಲ್ಲ ಸ್ವಾಮಿ, ಯಾವುದನ್ನ ನಂಬ್ಲಿ?

ನನಗೆ 4,850 ರೂಪಾಯಿ ಪೂರ್ತಿ ವಾಪಸ್ ಬೇಕು, ನಿಮ್ಮ ಮಾತು ಕೇಳಿ ಒಡೆದ ಎರಡು ಟೈಲ್ಸಿನ ದುಡ್ಡೂ ಬೇಕು, ಬಿಲ್ ಇಟ್ಟಿದೀನಿ. ನಿಮ್ಮ ಪೇಜಲ್ಲಿ "ಟೈಲ್ ಅಡೆಸಿವ್ ಮಿಕ್ಸಿಂಗ್‌ಗೆ ಸೂಕ್ತ" ಅಂತ ಇರೋ ಸಾಲು ಇವತ್ತೂ ಹಾಗೇ ಇದೆ, ಅದನ್ನ ಮೊದಲು ತೆಗೀರಿ. 2020ರ ಇ-ಕಾಮರ್ಸ್ ರೂಲ್ಸ್ ಪ್ರಕಾರ ದೂರು ಬಂದಿದೆ ಅಂತ 48 ಗಂಟೇಲಿ ತಿಳಿಸ್ಬೇಕು, ಒಂದು ತಿಂಗಳಲ್ಲಿ ಬಗೆಹರಿಸ್ಬೇಕು. ನನ್ನ ಮೊದಲನೇ ಮೇಲಿಗೆ ಐದು ವಾರ ಆಯ್ತು. ಈ ವಾರ ಉತ್ತರ ಬರದಿದ್ರೆ ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡ್ತೀನಿ, ಆಮೇಲೆ ಜಿಲ್ಲಾ ಗ್ರಾಹಕರ ಆಯೋಗ, ಇಷ್ಟು ಮೊತ್ತಕ್ಕೆ ಅಲ್ಲಿ ಫೀಸೂ ಇಲ್ಲ.

ಮಶೀನು ನಿಮ್ಮ ಸರ್ವಿಸ್ ಸೆಂಟರ್‌ನಲ್ಲೇ ಬಿದ್ದಿದೆ. ರಾಡು ಮಾತ್ರ ನನ್ನ ಹತ್ರ ಇದೆ, ಅಡೆಸಿವ್ ಒಣಗಿ ಕಲ್ಲಾಗಿದೆ, ಬೇಕಂದ್ರೆ ಹಾಗೇ ಕಳಿಸ್ತೀನಿ.

ಇಂತಿ,
ನಿಮ್ಮ ಗಿರಾಕಿ, ತುಮಕೂರು