ಚಿನ್ನುನ ಕೆಲಸದ ಬಗ್ಗೆ ಅಕ್ಕನಿಗೆ

ಬರ್ಲಿಂಗ್ಟನ್, ವರ್ಮಾಂಟ್, ಅಮೆರಿಕ

ಪ್ರೀತಿಯ ಅಕ್ಕನಿಗೆ,

ನಾವಿಲ್ಲಿ ಚೆನ್ನಾಗಿದ್ದೇವೆ. ಅವ್ವನ ಮಂಡಿನೋವು ಈಗ ಹೇಗಿದೆ?

ಭಾನುವಾರ ಫೋನಿನಲ್ಲಿ ನಿನ್ನ ಮಗ ಚಿನ್ನುನ ಬಗ್ಗೆ ನೀನು ಹೇಳಿದ ಮಾತು ತಲೆಯಿಂದ ಹೋಗುತ್ತಲೇ ಇಲ್ಲ. "ಚಿನ್ನುಗೆ 17 ತುಂಬಿತು. ಮೊದಲು ಒಂದು ಕಡೆ ಕೂತು ಕೆಲಸ ಮಾಡೋದು ಕಲೀಲಿ, ಆಮೇಲೆ ಮುಂದಿನದು" ಅಂದೆ. ಆಗ ಸುಮ್ಮನಿದ್ದೆ. ಫೋನಿನಲ್ಲಿ ಮುಗಿಯುವ ಮಾತಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಕೆಲಸಕ್ಕೆ ಇಲ್ಲಿ ಜಾಬ್ ಕೋಚ್ ಅನ್ನುತ್ತಾರೆ. ಅಂಗವೈಕಲ್ಯ ಇರುವವರ ಜೊತೆ ಕೆಲಸದ ಜಾಗದಲ್ಲೇ ನಿಂತು ಕೆಲಸ ಕಲಿಸುವುದು. ನಾನೀಗ ಜೊತೆಗಿರುವ ಹುಡುಗನಿಗೆ 26 ವರ್ಷ. ಮಾತು ಬರುವುದಿಲ್ಲ. ಊಟ, ಬಟ್ಟೆ ಎಲ್ಲಕ್ಕೂ ಇನ್ನೊಬ್ಬರು ಬೇಕು. ನಮ್ಮ ಚಿನ್ನುಗಿಂತ ಕಷ್ಟ ಜಾಸ್ತಿ. ಅವನು ಒಂದು ಹೋಟೆಲಿನಲ್ಲಿ ದಿನಕ್ಕೆ ಎರಡು ಗಂಟೆ ದುಡಿಯುತ್ತಾನೆ. ಫೋರ್ಕು, ಚಾಕು ಎರಡನ್ನೂ ಬಟ್ಟೆಯಲ್ಲಿ ಸುತ್ತಿ ಬುಟ್ಟಿಗೆ ಹಾಕುವುದು ಅವನ ಕೆಲಸ. ಗಂಟೆಗೆ ಉಳಿದವರಿಗೆ ಎಷ್ಟೋ ಅವನಿಗೂ ಅಷ್ಟೇ ಸಂಬಳ.

ಕಲಿಸಿದ್ದು ಆ ಹೋಟೆಲಿನ ಅಡುಗೆಮನೆಯಲ್ಲೇ. ಬಟ್ಟೆಯ ಮೂಲೆ ಬರಬೇಕಾದ ಜಾಗದಲ್ಲಿ ಮೇಜಿಗೆ ನೀಲಿ ಟೇಪ್ ಅಂಟಿಸಿದೆ. ಮೊದಲ ವಾರ ಅವನ ಕೈ ಮೇಲೆ ನನ್ನ ಕೈ. ಆಮೇಲೆ ಮಣಿಕಟ್ಟು ಹಿಡಿದೆ. ಬರುಬರುತ್ತಾ ಮೊಣಕೈ ಮುಟ್ಟಿದರೆ ಸಾಕಾಯಿತು. ಆದರೆ ಹತ್ತು ಸುತ್ತಿದ ಮೇಲೆ ನಿಂತುಬಿಡುತ್ತಿದ್ದ. ಹಠ ಅಂದುಕೊಂಡಿದ್ದೆ. ನೋಡಿದರೆ, ಪಾತ್ರೆ ತೊಳೆಯುವ ಮೆಷಿನ್ ಸದ್ದು ಅವನಿಗೆ ಆಗುತ್ತಿರಲಿಲ್ಲ. ಮೇಜನ್ನು ಕಿಟಕಿ ಕಡೆಗೆ ಸರಿಸಿದ ದಿನ ನಲವತ್ತು ಸುತ್ತಿದ! ಮನೆಯಲ್ಲಿ ಕೂರಿಸಿ ಎಷ್ಟು ವರ್ಷ ಕಲಿಸಿದ್ದರೂ ಆ ಸದ್ದಿನ ವಿಷಯ ಗೊತ್ತಾಗುತ್ತಿರಲಿಲ್ಲ, ಅಲ್ವಾ?

ನಾನೂ ತಪ್ಪು ಮಾಡಿದ್ದೇನೆ. ಗಿರಾಕಿಗಳು ಜಾಸ್ತಿ ಇದ್ದ ಒಂದು ದಿನ ಅವಸರಕ್ಕೆ ಇಪ್ಪತ್ತು ನಾನೇ ಸುತ್ತಿದೆ. ಮರುದಿನ ಅವನು ಕೈ ಮಡಿಲಲ್ಲಿಟ್ಟುಕೊಂಡು ನನ್ನನ್ನೇ ನೋಡುತ್ತಾ ಕೂತ. ಅದನ್ನು ಬಿಡಿಸಲು ಎರಡು ವಾರ ಹಿಡಿಯಿತು. ಈಗ ನಾನು ಬಾಗಿಲ ಹತ್ತಿರ ನಿಲ್ಲುತ್ತೇನೆ. ಅವನು ನಿಂತರೆ ಪಕ್ಕದಲ್ಲಿ ತರಕಾರಿ ಹೆಚ್ಚುವ ಹೆಂಗಸು ಬುಟ್ಟಿಯನ್ನು ಮೆಲ್ಲಗೆ ಅವನ ಕಡೆ ತಳ್ಳುತ್ತಾಳೆ. ಹಾಗೆ ಮಾಡು ಅಂತ ಅವಳಿಗೆ ಯಾರೂ ಹೇಳಿಕೊಟ್ಟಿಲ್ಲ.

ಇಲ್ಲಿಯೂ ಮೊದಲು ನೀನು ಹೇಳಿದ ಹಾಗೇ ಇತ್ತು, ಅಕ್ಕ. ಇಂಥವರನ್ನೆಲ್ಲ ಬೇರೆ ಕಟ್ಟಡದಲ್ಲಿ ಒಟ್ಟಿಗೆ ಕೂರಿಸಿ, ತಯಾರಿ ಅಂತ ವರ್ಷಗಟ್ಟಲೆ ಚಿಲ್ಲರೆ ಕಾಸಿಗೆ ದುಡಿಸುತ್ತಿದ್ದರು. ಅದಕ್ಕೆ ಇಲ್ಲಿನ 1938ರ ಕೂಲಿ ಕಾನೂನಿನಲ್ಲೇ ಅವಕಾಶವಿತ್ತು. 1970ರ ದಶಕದಲ್ಲಿ ಮಾರ್ಕ್ ಗೋಲ್ಡ್ ಅನ್ನುವ ಸಂಶೋಧಕರು, ಏನೂ ಕಲಿಯಲಾರರು ಅಂತ ಕೈಬಿಟ್ಟವರಿಗೆ 15 ಬಿಡಿಭಾಗಗಳ ಸೈಕಲ್ ಬ್ರೇಕ್ ಜೋಡಿಸುವುದನ್ನು ಕಲಿಸಿ ತೋರಿಸಿದರು. ಮೊದಲು ಕೆಲಸಕ್ಕೆ ಸೇರಿಸು, ಅಲ್ಲೇ ಕಲಿಸು ಅನ್ನುವ ದಾರಿಗೆ 1986ರಲ್ಲಿ ಸರ್ಕಾರದ ಹಣವೂ ಸಿಕ್ಕಿತು. ನಮ್ಮ ವರ್ಮಾಂಟ್‌ನಲ್ಲಿ ಅಂಥ ಕೊನೆಯ ಕಟ್ಟಡ 2002ರಲ್ಲಿ ಮುಚ್ಚಿತು.

ಎಲ್ಲವೂ ಸಲೀಸು ಅನ್ನುವುದಿಲ್ಲ. ಈ ಹುಡುಗನನ್ನು ಮೊದಲಿನ ಜಾಗದವರು ಕೂಗಾಡಿದ ಅಂತ ಆರನೇ ದಿನಕ್ಕೇ ವಾಪಸ್ ಕಳಿಸಿದರು. ಅವನ ತಾಯಿ ಕಾರಿನಲ್ಲಿ ಕೂತು ಅತ್ತಾಗ ನನಗೆ ನೀನೇ ಕಣ್ಣಮುಂದೆ ಬಂದೆ.

ಭಾರತದಲ್ಲಿ 2016ರ ಕಾನೂನು ಸರ್ಕಾರಿ ಕೆಲಸದಲ್ಲಿ ಅಂಗವೈಕಲ್ಯ ಇರುವವರಿಗೆ 4% ಮೀಸಲು ಇಟ್ಟಿದೆ. ಅದರಲ್ಲಿ 1% ಆಟಿಸಂ, ಬುದ್ಧಿ ಬೆಳವಣಿಗೆಯ ತೊಂದರೆ, ಮಾನಸಿಕ ಕಾಯಿಲೆ ಇಂಥವು ಇರುವವರೆಲ್ಲರಿಗೂ ಸೇರಿ. ಆದರೆ ಚಿನ್ನುಗೆ ಮೀಸಲಾತಿಗಿಂತ ಮೊದಲು ಪಕ್ಕದಲ್ಲಿ ನಿಲ್ಲುವ ಒಬ್ಬರು ಬೇಕು. ನಮ್ಮ ಹುಬ್ಬಳ್ಳಿಯ ಬಿವಿಬಿ ಕಾಲೇಜಿನಲ್ಲಿ 2017ರಲ್ಲಿ ಶುರುವಾದ, ಅಂಗವೈಕಲ್ಯ ಇರುವವರೇ ಕೆಲಸ ಮಾಡುವ ಮಿಟ್ಟಿ ಕೆಫೆ ನೆನಪಿದೆಯಾ? ಈಗ ಬೆಂಗಳೂರಿನಲ್ಲೂ ಇದೆ. ಒಮ್ಮೆ ಚಿನ್ನುನ ಕರೆದುಕೊಂಡು ಹೋಗಿ ಚಹಾ ಕುಡಿದು ಬಾ. ಅಲ್ಲಿ ಕೆಲಸ ಮಾಡುವವರನ್ನು ಅವನೂ ನೋಡಲಿ.

ಇನ್ನೊಂದು ಕೆಲಸ ಮಾಡು. ಅಡುಗೆಮನೆಯ ಡಬ್ಬಿಗಳಿಗೆ ಸರಿಯಾದ ಮುಚ್ಚಳ ಹುಡುಕಿ ಹಾಕುತ್ತಾನೆ ಅಂದಿದ್ದೆ. ಹದಿನೈದು ದಿನ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದಿಡು. ಎಷ್ಟು ಹೊತ್ತಿಗೆ ಶುರು ಮಾಡಿದ, ಎಷ್ಟು ಡಬ್ಬಿ ಆಯಿತು, ಯಾವಾಗ ನಿಲ್ಲಿಸಿದ, ಆಗ ಮಿಕ್ಸಿ ಓಡುತ್ತಿತ್ತಾ, ಟಿವಿ ಇತ್ತಾ, ಎಲ್ಲ ಬರಿ. ತಪ್ಪು ಮುಚ್ಚಳ ಹಾಕಿದರೆ ತಿದ್ದಬೇಡ. ಸುಮ್ನೆ ನೋಡು. ದೀಪಾವಳಿಗೆ ಬಂದಾಗ ಇಬ್ಬರೂ ಕೂತು ಓದೋಣ.

ಅವ್ವನಿಗೆ ನಮಸ್ಕಾರ ಹೇಳು. ಚಿನ್ನುಗೆ ಮುತ್ತು.

ನಿನ್ನ ತಂಗಿ