ರೆಡ್ ಬೇಗೆ ಹೊರಟವಳಿಗೆ

ಚಿರಂಜೀವಿ ಸುಮಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ಕೆನಡಾದ ಲ್ಯಾಬ್ರಡಾರ್ ಕರಾವಳಿಯ ರೆಡ್ ಬೇಯಲ್ಲಿರುವ, 16ನೆಯ ಶತಮಾನದ ಬಾಸ್ಕ್ (ಸ್ಪೇನ್-ಫ್ರಾನ್ಸ್ ಗಡಿಸೀಮೆಯ ಜನ) ತಿಮಿಂಗಿಲ ಬೇಟೆಗಾರರ ನೆಲೆಯನ್ನು ನೀನು ಅಧ್ಯಯನಕ್ಕೆ ಆರಿಸಿಕೊಂಡಿರುವುದು ತಿಳಿದು ಮನಸ್ಸು ತುಂಬಿ ಬಂತು. ಎಲ್ಲರೂ ಮುಳುಗಿದ ಹಡಗಿನ ಬಗ್ಗೆಯೇ ಕೇಳುತ್ತಾರೆ. ನೀನು ದಡದ ಒಲೆಗಳಿಂದ ಆರಂಭಿಸು. ಅವರು ಸಾಗರ ದಾಟಿ ಬಂದದ್ದು ಮುಖ್ಯವಾಗಿ ಯುರೋಪಿನ ದೀಪಗಳಿಗೆ ಬೇಕಾಗಿದ್ದ ಎಣ್ಣೆಗಾಗಿ. ಕೊಬ್ಬನ್ನು ತಾಮ್ರದ ಕಡಾಯಿಗಳಲ್ಲಿ ಕರಗಿಸಿ ಪೀಪಾಯಿಗಳಿಗೆ ತುಂಬಿದ ಆ ಒಲೆಗಳ ಕಲ್ಲಿನ ಮೇಲೆ, ಸುಟ್ಟ ಕೊಬ್ಬು ಕರಿಯ ಹಕ್ಕಳೆಗಟ್ಟಿ ನಾಲ್ಕು ಶತಮಾನ ಉಳಿದಿತ್ತು. ಒಲೆಯ ಮೇಲಿನ ಮಾಡಿಗೆ ಅವರು ಊರಿನಿಂದಲೇ ಹೆಂಚು ತಂದಿದ್ದರು, ನಮ್ಮ ಹಳೆಯ ಮನೆಯ ನಾಡಹೆಂಚಿನಂತೆ ಬಾಗಿದ ಕೆಂಪು ಹೆಂಚು.

ಇತಿಹಾಸ ಸಂಶೋಧಕಿ ಸೆಲ್ಮಾ ಬಾರ್ಕಮ್ ಅವರು ವರ್ಷಗಟ್ಟಲೆ ಸ್ಪೇನಿನ ಪತ್ರಾಗಾರಗಳಲ್ಲಿ ಕುಳಿತು, ವಿಮಾಪತ್ರ, ಉಯಿಲು, ವ್ಯಾಜ್ಯದ ಕಡತಗಳನ್ನು ಓದಿ ಈ ಬಂದರನ್ನು ಗುರುತಿಸಿದರು. 1977ರಲ್ಲಿ ಬಂದು ನೋಡಿದರೆ ದಡದಲ್ಲಿ ಆ ಹೆಂಚಿನ ಚೂರುಗಳೇ ಬಿದ್ದಿದ್ದವು. 1565ರಲ್ಲಿ ಮುಳುಗಿದ ಸ್ಯಾನ್ ಹುವಾನ್ ಎಂದೇ ನಂಬಲಾಗಿರುವ ಹಡಗು ಮರುವರ್ಷ ನೀರಿನಡಿ ಸಿಕ್ಕಿತು. ಆದ್ದರಿಂದ ನೀರಿಗಿಳಿಯುವ ವಿದ್ಯೆಯನ್ನು ಕಲಿಯುವಷ್ಟೇ ಶ್ರದ್ಧೆಯಿಂದ ಹಳೆಯ ಸ್ಪ್ಯಾನಿಷ್ ಕೈಬರಹ ಓದುವುದನ್ನೂ ಕಲಿ ಮಗಳೇ.

ಮೂಳೆಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಅವುಗಳ ಆಕಾರ ನೋಡಿ, ಇಲ್ಲಿ ಕೊಂದ ತಿಮಿಂಗಿಲಗಳಲ್ಲಿ ಸುಮಾರು ಅರ್ಧ ರೈಟ್ ತಿಮಿಂಗಿಲ, ಉಳಿದರ್ಧ ಬೋಹೆಡ್ ಎಂಬ ಇನ್ನೊಂದು ಜಾತಿ ಎಂದು ಮೊದಲು ಲೆಕ್ಕ ಹಾಕಿದ್ದರು. ಇಂದು ಕೆಲವೇ ನೂರು ಉಳಿದಿರುವ ಉತ್ತರ ಅಟ್ಲಾಂಟಿಕ್ ರೈಟ್ ತಿಮಿಂಗಿಲದ ಅವನತಿ ಬಾಸ್ಕರಿಂದಲೇ ಆರಂಭವಾಯಿತೆಂಬ ಮಾತಿಗೂ ಇದೇ ಆಧಾರವಾಗಿತ್ತು. ಮುಂದೆ ಡಿಎನ್‌ಎ ಪರೀಕ್ಷೆ ನಡೆದಾಗ ಹೆಚ್ಚುಕಡಿಮೆ ಎಲ್ಲವೂ ಬೋಹೆಡ್ ಮೂಳೆಗಳೆಂದು ತಿಳಿಯಿತು. ರೈಟ್ ತಿಮಿಂಗಿಲದ್ದು ಒಂದೇ ಒಂದು! ಬಲ್ಲವರೇ ಕಣ್ಣಳತೆಯಲ್ಲಿ ಎಡವಿದ ಜಾಗವಿದು. ನಿನ್ನ ಟಿಪ್ಪಣಿಯಲ್ಲಿ ಕಂಡದ್ದನ್ನು ಒಂದು ಕಡೆ, ಊಹಿಸಿದ್ದನ್ನು ಇನ್ನೊಂದು ಕಡೆ ಬರೆದಿಡು.

ರೆಡ್ ಬೇ ಬಂದರಿನ ಬಾಯಲ್ಲಿರುವ ಸ್ಯಾಡಲ್ ದ್ವೀಪದ ಬೇಟೆಗಾರರ ಸ್ಮಶಾನದಲ್ಲಿ ಸುಮಾರು 140 ಮಂದಿಯ ಅವಶೇಷಗಳು ದೊರೆತಿವೆ, ಬಹುಪಾಲು ಪ್ರಾಯದ ಗಂಡಸರು. ಅಲ್ಲಿಗೆ ಹೋದ ದಿನ ಅಳತೆಯ ಪಟ್ಟಿಯನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲು. ಹಡಗಿನ ಅಡಿಯಲ್ಲಿ ನಜ್ಜುಗುಜ್ಜಾಗಿ ಸಿಕ್ಕ, ತಿಮಿಂಗಿಲದ ಬೆನ್ನಟ್ಟುತ್ತಿದ್ದ ಸಣ್ಣ ದೋಣಿಯನ್ನು ಜೋಡಿಸಿ ರೆಡ್ ಬೇಯ ಸಂಗ್ರಹಾಲಯದಲ್ಲಿ ಇಟ್ಟಿದ್ದಾರೆ. ಅದರ ಹಲಗೆಗಳನ್ನು ಹೇಗೆ ಹೊಂದಿಸಿದ್ದಾರೆಂದು ಚಿತ್ರ ಬರೆದು ನನಗೆ ಕಳುಹಿಸು.

ಇತಿ ನಿನ್ನ
ದೊಡ್ಡಪ್ಪ